ನಮ್ಮ ನೀರಿನ ಸೊಳ್ಳೆಗಳ ಪಟ್ಟಿ
ರಾಯಚೂರು, ದೇವದುರ್ಗ, ಮಾನ್ವಿಯ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ



ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ. ರಾಯಚೂರು ನಗರ, ದೇವದುರ್ಗ, ಮಾನ್ವಿ ಈ ಮೂರು ಕಡೆ ಯಾವ ಯಾವ ಪ್ರಭೇದದ ಸೊಳ್ಳೆಗಳಿವೆ, ಯಾವ ನೀರಿನಲ್ಲಿ, ಯಾವ ತಿಂಗಳಲ್ಲಿ ಹುಟ್ಟುತ್ತವೆ ಎಂಬುದನ್ನು ಹಿಡಿದು, ನೋಡಿ, ಹೆಸರು ಬರೆದು ಪಟ್ಟಿ ಮಾಡಬೇಕು. ಮಳೆ, ಚಳಿ, ಬೇಸಿಗೆ ಮೂರೂ ಕಾಲ ಸುತ್ತಿ ಬರಬೇಕಾದ ಕೆಲಸವಾದ್ದರಿಂದ ಒಂದು ವರ್ಷ ಹಿಡಿಯುತ್ತದೆ. ನಾನು ಮಲೇರಿಯಾ ವಿಭಾಗದಲ್ಲಿ ಕೀಟ ಸಂಗ್ರಾಹಕನಾಗಿ ದುಡಿದು ನಿವೃತ್ತನಾದವನು. ಟಾರ್ಚು, ಸಕ್ಷನ್ ಟ್ಯೂಬು ಹಿಡಿದು ನಸುಕಿನಲ್ಲಿ ದನದ ದೊಡ್ಡಿಗಳನ್ನು ಹೊಕ್ಕವನು. ಆ ಅನುಭವದ ಬಲದಿಂದಲೇ ಹೇಳುತ್ತೇನೆ: ಈ ಕೆಲಸ ನಿಮ್ಮ ಕೈಯಲ್ಲಿ ಆಗುತ್ತದೆ, ಮತ್ತು ನಿಮ್ಮ ಕೈಯಲ್ಲೇ ಆಗಬೇಕು.

ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟ ಸೊಳ್ಳೆ ಪ್ರಭೇದಗಳು 3,500ಕ್ಕೂ ಹೆಚ್ಚು. ಭಾರತದಲ್ಲಿ ಗುರುತಿಸಿದವು 400ರ ಆಸುಪಾಸು. ಅದರಲ್ಲಿ ಅನಾಫಿಲಿಸ್ ಕುಲದವು ಸುಮಾರು 60, ಆ 60ರಲ್ಲಿ ಮಲೇರಿಯಾವನ್ನು ಮುಖ್ಯವಾಗಿ ಹರಡುವವು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಹೆಚ್ಚಿನವು ದನವನ್ನೋ ಹಕ್ಕಿಯನ್ನೋ ಕಚ್ಚಿಕೊಂಡು, ಮನುಷ್ಯನ ಗೊಡವೆಗೆ ಬಾರದೆ ಬದುಕುತ್ತವೆ. ಟಾಕ್ಸೋರಿಂಕೈಟಿಸ್ ಎಂಬ ದೊಡ್ಡ ಸೊಳ್ಳೆಯಂತೂ ರಕ್ತವನ್ನೇ ಕುಡಿಯುವುದಿಲ್ಲ. ಅದರ ಮರಿ ಬೇರೆ ಸೊಳ್ಳೆಗಳ ಮರಿಗಳನ್ನು ಹಿಡಿದು ತಿನ್ನುತ್ತದೆ. ಹೀಗಿರುವಾಗ 'ಸೊಳ್ಳೆ ಅಂದರೆ ಸೊಳ್ಳೆ, ಹೊಗೆ ಹಾಕಿದರಾಯಿತು' ಎಂದು ಊರೂರಿಗೆ ಫಾಗಿಂಗ್ ಯಂತ್ರ ಕಳಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಆ ಹೊಗೆ ಆ ಗಳಿಗೆಯಲ್ಲಿ ಹಾರಾಡುತ್ತಿರುವ ಸೊಳ್ಳೆಯನ್ನಷ್ಟೇ ಮುಟ್ಟುತ್ತದೆ. ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ.

ನಗರದ ಯಾವುದೋ ವಾರ್ಡಿನಲ್ಲಿ ಮಗುವೊಂದಕ್ಕೆ ಡೆಂಗಿ ಬಂತೆನ್ನಿ. ಮರುದಿನ ಜನ ಕೂಗುವುದು ಗಟಾರದ ಮೇಲೆ. ಗಟಾರ ತೆಗೆಸಿ, ಪೌಡರ್ ಹಾಕಿಸಿ ಎನ್ನುತ್ತಾರೆ. ಗಟಾರ ತೆಗೆಸುವುದು ಒಳ್ಳೆಯದೇ. ಆದರೆ ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಗಟಾರದಲ್ಲಿ ಹುಟ್ಟುವುದಿಲ್ಲ. ಅದು ಹುಟ್ಟುವುದು ಅದೇ ಮನೆಯ ಬ್ಯಾರಲ್ಲಿನಲ್ಲಿ, ಹರವಿಯಲ್ಲಿ, ಸಿಮೆಂಟ್ ತೊಟ್ಟಿಯಲ್ಲಿ, ಬೇಸಿಗೆ ಮುಗಿದ ಮೇಲೆ ನೀರು ಚೆಲ್ಲದೆ ಬಿಟ್ಟ ಕೂಲರಿನಲ್ಲಿ. ನಳದಲ್ಲಿ ನೀರು ದಿನ ಬಿಟ್ಟು ಬರುವ ಊರಿನಲ್ಲಿ ನೀರು ತುಂಬಿಡದೆ ಯಾರಿಗೂ ಗತಿಯಿಲ್ಲ. ತಾಯಂದಿರನ್ನು ಬೈದು ಫಲವಿಲ್ಲ. ಆ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ ಒದ್ದೆ ಗೋಡೆಗೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ತೊಟ್ಟಿ ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ಗಟಾರದಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್, ರಾತ್ರಿ ಕಚ್ಚುವುದು, ಆನೆಕಾಲು ರೋಗದ ಹುಳುವನ್ನು ಹೊರುವುದು. ನಮ್ಮ ಜಿಲ್ಲೆ ಆನೆಕಾಲು ರೋಗದ ಪಟ್ಟಿಯಲ್ಲೂ ಇದೆ. ಆರೋಗ್ಯ ಸಿಬ್ಬಂದಿ ರಾತ್ರಿ ಹೊತ್ತು ಬಂದು ಬೆರಳು ಚುಚ್ಚಿ ರಕ್ತಲೇಪನ ತೆಗೆಯುವುದು, ಆ ಹುಳುವಿನ ಮರಿಗಳು ಹೆಚ್ಚಾಗಿ ರಾತ್ರಿಯೇ ಹೊರಮೈಯ ರಕ್ತಕ್ಕೆ ಬರುತ್ತವೆಂದೇ. ಒಂದೇ ಓಣಿ, ಎರಡು ಸೊಳ್ಳೆ, ಎರಡು ನೀರು, ಎರಡು ಕಾಯಿಲೆ. ಹೆಸರು ಗೊತ್ತಿಲ್ಲದವರು ಗಟಾರಕ್ಕೆ ಪೌಡರ್ ಹಾಕಿ ಮನೆಗೆ ಹೋಗುತ್ತಾರೆ. ಬ್ಯಾರಲ್ಲಿನ ಮರಿ ಅಲ್ಲೇ ಬೆಳೆಯುತ್ತದೆ.

2006ರ ಚಿಕುನ್‌ಗುನ್ಯಾವನ್ನು ನೀವು ಕಂಡಿರಲಿಕ್ಕಿಲ್ಲ, ನಿಮ್ಮ ಮನೆಯ ಹಿರಿಯರನ್ನು ಕೇಳಿ. ಆ ವರ್ಷ ಕರ್ನಾಟಕದಲ್ಲಿ ಶಂಕಿತ ಪ್ರಕರಣಗಳು 7.5 ಲಕ್ಷ ದಾಟಿದ್ದವು. ನಮ್ಮ ಭಾಗದಲ್ಲಿ ಮನೆಮಂದಿಯೆಲ್ಲ ಕೀಲು ಹಿಡಿದು ಮಲಗಿ, ಒಬ್ಬರಿಗೊಬ್ಬರು ನೀರು ಕೊಡುವವರಿಲ್ಲದಂತಾಗಿತ್ತು. ಅದನ್ನು ಹರಡಿದ್ದೂ ಇದೇ ಈಡಿಸ್.

ಹೆಸರು ತಿಳಿಯದೆ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ರೊನಾಲ್ಡ್ ರಾಸ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆತ ನಮಗೆ ದೂರದವನೇನಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದ್ದ. ಮಲೇರಿಯಾದ ಗುಟ್ಟು ಹಿಡಿದದ್ದು ಸಿಕಂದರಾಬಾದಿನಲ್ಲಿ, ಆಗ ನಮ್ಮ ರಾಯಚೂರೂ ಸೇರಿದ್ದ ನಿಜಾಮರ ಸೀಮೆಯಲ್ಲಿ. 1895ರಿಂದ ಎರಡು ವರ್ಷ ಆತ ಸೊಳ್ಳೆಗಳನ್ನು ಕೊಯ್ದು ಕೊಯ್ದು ನೋಡಿದರೂ ಮಲೇರಿಯಾದ ಪರೋಪಜೀವಿ ಸಿಗಲಿಲ್ಲ. ಕಾರಣ ಇಷ್ಟೇ: ಆತ ಹೆಚ್ಚಾಗಿ ಕೊಯ್ಯುತ್ತಿದ್ದದ್ದು ಕ್ಯೂಲೆಕ್ಸ್ ಮತ್ತು ಈಡಿಸ್ ಸೊಳ್ಳೆಗಳನ್ನು. ಹೆಸರು ಹಿಡಿದು ನೋಡಲು ಆತನ ಬಳಿ ಸರಿಯಾದ ಪುಸ್ತಕವಿರಲಿಲ್ಲ. ಬೂದು ಬಣ್ಣದ್ದು, ಪಟ್ಟೆಯದ್ದು, ರೆಕ್ಕೆಯ ಮೇಲೆ ಚುಕ್ಕೆಯಿರುವುದು ಎಂದು ತಾನೇ ವಿಂಗಡಿಸಿಕೊಂಡಿದ್ದ. 1897ರ ಆಗಸ್ಟ್ 20ರಂದು, ಚುಕ್ಕೆರೆಕ್ಕೆಯ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿರುವ ದುಂಡು ಕೋಶಗಳು ಕಂಡವು. ಅದು ಅನಾಫಿಲಿಸ್. ಸರಿಯಾದ ಸೊಳ್ಳೆ ಕೈಗೆ ಸಿಗುವವರೆಗೆ ಅಷ್ಟು ದೊಡ್ಡ ಬುದ್ಧಿವಂತನ ಅಷ್ಟು ಶ್ರಮವೂ ದಡ ಮುಟ್ಟಲಿಲ್ಲ.

ಆಮೇಲೆ ಪುಸ್ತಕಗಳು ಬಂದವು. 1933ರಲ್ಲಿ ಕ್ರಿಸ್ಟೋಫರ್ಸ್ ಭಾರತದ ಅನಾಫಿಲಿಸ್‌ಗಳ ಸಂಪುಟ ಬರೆದರು, 1934ರಲ್ಲಿ ಬರಾಡ್ ಉಳಿದ ಸೊಳ್ಳೆಗಳ ಸಂಪುಟ ಬರೆದರು. ಇಂದಿಗೂ ಅನುಮಾನ ಬಂದಾಗ ಎಲ್ಲರೂ ಬಿಚ್ಚುವುದು ಆ ಎರಡನ್ನೇ. 1946ರಲ್ಲಿ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಮನೆಗಳಿಗೆ ಡಿಡಿಟಿ ಹೊಡೆಸಿ ಮಲೇರಿಯಾ ಇಳಿಸಿ ತೋರಿಸಿದವರು ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್. ಇದೇ ರಾಮಚಂದ್ರ ರಾಯರು ಮುಂದೆ ಭಾರತದ ಅನಾಫಿಲಿಸ್‌ಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ಎಲ್ಲಕ್ಕಿಂತ ನನಗೆ ಹತ್ತಿರವಾದ ಕೆಲಸ ಇನ್ನೊಂದಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದನ್ನು ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ನೀವೇ ಮಾಡಿ ನೋಡಬಹುದು.

ಅನಾಫಿಲಿಸ್ ಸ್ಟಿಫೆನ್ಸೈ ಎಂಬುದು ಬಾವಿ, ಓವರ್‌ಹೆಡ್ ಟ್ಯಾಂಕು, ಕಟ್ಟಡದ ಕ್ಯೂರಿಂಗ್ ನೀರಿನಲ್ಲಿ ಹುಟ್ಟುವ, ನಗರದ ಮಲೇರಿಯಾ ಸೊಳ್ಳೆ. 1901ರಲ್ಲಿ ಲಿಸ್ಟನ್ ಇದಕ್ಕೆ ಹೆಸರಿಟ್ಟರು. ಆದರೆ ಸ್ಟಿಫೆನ್ಸೈ ಎಲ್ಲ ಕಡೆ ಒಂದೇ ಥರ ಕಾಯಿಲೆ ಹರಡುತ್ತಿರಲಿಲ್ಲ. ಕೆಲವು ಕಡೆ ಸೊಳ್ಳೆ ರಾಶಿ ಇದ್ದರೂ ಜ್ವರ ಇರುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ಕೆಲಸ ಮಾಡುತ್ತಿದ್ದ ಡಬ್ಲ್ಯು.ಸಿ. ಸ್ವೀಟ್ ಮತ್ತು ಬಿ.ಎ. ರಾವ್ ಅದರ ಮೊಟ್ಟೆಗಳನ್ನು ನೋಡಿದರು. ಅನಾಫಿಲಿಸ್‌ನ ಮೊಟ್ಟೆ ಅರ್ಧ ಮಿಲಿಮೀಟರಿನಷ್ಟು ಉದ್ದ, ದೋಣಿಯ ಆಕಾರ. ಎರಡೂ ಪಕ್ಕಕ್ಕೆ ಗಾಳಿ ತುಂಬಿದ ತೇಲುಪಟ್ಟಿಗಳಿರುತ್ತವೆ, ಆ ಪಟ್ಟಿಯ ಮೇಲೆ ಅಡ್ಡಡ್ಡ ಗೀರುಗಳಿರುತ್ತವೆ. ಆ ಗೀರುಗಳನ್ನು ಎಣಿಸಿದಾಗ, ನೋಡಲು ಒಂದೇ ಆಗಿದ್ದ ಸೊಳ್ಳೆ ಒಂದಕ್ಕಿಂತ ಹೆಚ್ಚು ಬಗೆಯದಾಗಿ ಕಂಡಿತು. 1937ರಲ್ಲಿ ಅವರು ಒಂದು ಬಗೆಗೆ ಮೈಸೂರೆನ್ಸಿಸ್ ಎಂದು ಹೆಸರಿಟ್ಟರು. ನಂತರದವರು ನಡುವಿನ ಇನ್ನೊಂದು ಬಗೆಯನ್ನೂ ಗುರುತಿಸಿದರು. ನಗರದ ಮೂಲ ಬಗೆಯ ಮೊಟ್ಟೆಗೆ 14ರಿಂದ 22 ಗೀರು, ನಡುವಿನದಕ್ಕೆ 12ರಿಂದ 17, ಮೈಸೂರೆನ್ಸಿಸ್‌ಗೆ 9ರಿಂದ 15. ಮೂಲ ಬಗೆ ಮಲೇರಿಯಾ ಹರಡುವುದರಲ್ಲಿ ಪಳಗಿದ್ದು. ಮೈಸೂರೆನ್ಸಿಸ್ ಹಳ್ಳಿಯದು, ಹೆಚ್ಚಾಗಿ ದನವನ್ನು ಕಚ್ಚುವುದು. ಸಂಖ್ಯೆಗಳು ಒಂದರ ಮೇಲೊಂದು ಹಾಯುವುದರಿಂದ ಒಂದು ಮೊಟ್ಟೆ ನೋಡಿ ತೀರ್ಪು ಕೊಡುವಂತಿಲ್ಲ, ಒಂದು ತಾಯಿಯ ಹತ್ತಾರು ಮೊಟ್ಟೆ ಎಣಿಸಬೇಕು. ರಕ್ತ ತುಂಬಿದ ಹೆಣ್ಣುಸೊಳ್ಳೆಯನ್ನು ದೊಡ್ಡಿಯಿಂದ ಹಿಡಿದು ತಂದು, ತಳದಲ್ಲಿ ಒದ್ದೆ ಫಿಲ್ಟರ್ ಕಾಗದವಿರುವ ಗಾಜಿನ ನಳಿಕೆಯಲ್ಲಿಟ್ಟು, ಬಾಯಿಗೆ ಹತ್ತಿ ತುರುಕಿ ಎರಡು ಮೂರು ದಿನ ಕಾಯ್ದರೆ ಮೊಟ್ಟೆ ಸಿಗುತ್ತದೆ. ರಾಯಚೂರಿನ ಟ್ಯಾಂಕುಗಳಲ್ಲಿರುವುದು ಯಾವ ಬಗೆ, ಮಾನ್ವಿಯ ಹಳ್ಳಿಗಳಲ್ಲಿರುವುದು ಯಾವ ಬಗೆ ಎಂದು ಹೇಳಲು ನಿಮಗೆ ಬೇಕಾದದ್ದು ಒಂದು ಮೈಕ್ರೋಸ್ಕೋಪು ಮತ್ತು ತಾಳ್ಮೆ.

ಇದೇ ಸ್ಟಿಫೆನ್ಸೈ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಂಡಿತು, ಮುಂದೆ ಇಥಿಯೋಪಿಯಾಕ್ಕೂ ಹಬ್ಬಿತು. ಆಫ್ರಿಕಾದ ನಗರಗಳು ಮೊದಲು ಈ ಸೊಳ್ಳೆಯ ಕಾಟ ಕಂಡಿರಲಿಲ್ಲ. ಅಲ್ಲಿ ಯಾರೋ ಒಬ್ಬರು ಸೊಳ್ಳೆಯ ರೆಕ್ಕೆ, ಪಾಲ್ಪುಗಳ ಪಟ್ಟೆಯನ್ನು ಸರಿಯಾಗಿ ನೋಡಿದ್ದರಿಂದ ಸುದ್ದಿ ಜಗತ್ತಿಗೆ ಗೊತ್ತಾಯಿತು.

ಈಗ ನಮ್ಮ ಹಳ್ಳಿಗಳ ಮಾತು. ಇಲ್ಲಿ ಮಲೇರಿಯಾದ ಮುಖ್ಯ ವಾಹಕ ಅನಾಫಿಲಿಸ್ ಕ್ಯೂಲಿಸಿಫೇಸೀಸ್. ಭಾರತದ ಗ್ರಾಮೀಣ ಮಲೇರಿಯಾದ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ. ಪುಟ್ಟದು, ಸಪ್ಪೆ ಬಣ್ಣದ್ದು. ಅನಾಫಿಲಿಸ್ ಎಂದರೆ ಗೋಡೆಯ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ ಎಂದು ನಿಮ್ಮ ಪುಸ್ತಕದಲ್ಲಿ ಓದಿರುತ್ತೀರಿ. ಕ್ಯೂಲಿಸಿಫೇಸೀಸ್ ಅಷ್ಟು ಎತ್ತುವುದಿಲ್ಲ, ಕ್ಯೂಲೆಕ್ಸ್ ಥರವೇ ಗೋಡೆಗೆ ಒರಗಿದಂತೆ ಕೂರುತ್ತದೆ. ಟಾರ್ಚಿನ ಬೆಳಕಿನಲ್ಲಿ 'ಇದು ಕ್ಯೂಲೆಕ್ಸ್' ಎಂದು ದಾಟಿ ಹೋಗಬೇಡಿ, ಹಿಡಿದು ರೆಕ್ಕೆ ನೋಡಿ. ಅದರ ಜೊತೆಗೇ ರಾಶಿರಾಶಿಯಾಗಿ ಸಿಗುವುದು ಅನಾಫಿಲಿಸ್ ಸಬ್‌ಪಿಕ್ಟಸ್, ನಮ್ಮ ಕಡೆ ಮಲೇರಿಯಾದಲ್ಲಿ ಅದರ ಪಾಲು ದೊಡ್ಡದಲ್ಲ. ಸಂಖ್ಯೆ ನೋಡಿ ಹೆದರುವವರು ಸಬ್‌ಪಿಕ್ಟಸ್‌ಗೆ ಹೆದರುತ್ತಾರೆ. ಹೆದರಬೇಕಾದದ್ದು ಅದರ ಮಧ್ಯೆ ಅಲ್ಲೊಂದು ಇಲ್ಲೊಂದು ಕೂತಿರುವ ಕ್ಯೂಲಿಸಿಫೇಸೀಸ್‌ಗೆ. ವರದಿಯ ಕಾಲಮ್ಮಿನಲ್ಲಿ ಬರೀ 'ಅನಾಫಿಲಿಸ್' ಎಂದು ಬರೆದರೆ ಈ ಎರಡೂ ಒಂದೇ ಆಗಿಬಿಡುತ್ತವೆ.

ಇನ್ನೂ ಒಂದು ಹೆಜ್ಜೆ ಒಳಗೆ ಹೋದರೆ, ಕ್ಯೂಲಿಸಿಫೇಸೀಸ್ ಎಂಬುದೇ ಒಂದು ಸೊಳ್ಳೆಯಲ್ಲ. ವರ್ಣತಂತುಗಳನ್ನು ನೋಡಿ ವಿಜ್ಞಾನಿಗಳು ಅದರಲ್ಲಿ ಎ, ಬಿ, ಸಿ, ಡಿ, ಇ ಎಂದು ಐದು ಸೋದರ ಪ್ರಭೇದಗಳನ್ನು ಗುರುತಿಸಿದ್ದಾರೆ. ಕಣ್ಣಿಗೆ ಐದೂ ಒಂದೇ. ಅದರಲ್ಲಿ ಬಿ ಮಾತ್ರ ಮಲೇರಿಯಾ ಹರಡುವುದರಲ್ಲಿ ತೀರಾ ದುರ್ಬಲ. ಕೋಲಾರ ಜಿಲ್ಲೆಯ ಕಾಮಸಮುದ್ರಂ ಕಡೆಯ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಘಟಕದವರು ಬಾವಿಗಳಿಗೆ ಗಪ್ಪಿ, ಗಂಬೂಸಿಯಾ ಮೀನು ಬಿಟ್ಟಾಗ ಜ್ವರ ಇಳಿಯಿತು. ಮೀನು ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡಿತು ಎಂಬುದರ ಉತ್ತರ ಈ ಸೋದರ ಪ್ರಭೇದಗಳಲ್ಲಿತ್ತು: ಬಾವಿಯ ಮೀನು ಪೆಟ್ಟು ಕೊಟ್ಟದ್ದು ಕಾಯಿಲೆ ಹೊರುವ ಸೋದರನಿಗೇ. ಅದನ್ನವರು 2005ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಬಾವಿಗಿಂತ ಕಾಲುವೆ, ಗದ್ದೆ ಹೆಚ್ಚು. ಕೋಲಾರದ ಮದ್ದು ಹಾಗೇ ತಂದು ಇಲ್ಲಿ ಹಾಕಲಾಗದು. ನಮ್ಮ ನೀರಿನ ಪಟ್ಟಿ ನಾವೇ ಮಾಡಿಕೊಳ್ಳಬೇಕು.

ಮಾನ್ವಿಯವರು ಗದ್ದೆಯಿಂದ ಶುರುಮಾಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ನೆಲ್ಲು ಬೆಳೆಯುವ ಊರುಗಳು, ಕ್ಯಾಂಪುಗಳು ನಿಮ್ಮ ಸುತ್ತಲೇ ಇವೆ. ಸಸಿ ನಾಟಿಯಾದ ಹೊಸದರಲ್ಲಿ, ಬಿಸಿಲು ಬೀಳುವ ತೆಳು ನೀರಿನಲ್ಲಿ ಕ್ಯೂಲಿಸಿಫೇಸೀಸ್ ಮರಿ ಸಿಗುತ್ತದೆ. ಪೈರು ಎದ್ದು ನೆರಳಾದ ಮೇಲೆ ಅದು ಬಿಟ್ಟು ಹೋಗುತ್ತದೆ, ಬೇರೆಯವು ಬರುತ್ತವೆ. ಆದ್ದರಿಂದ ಬರೀ ತಾರೀಕು ಬರೆದರೆ ಸಾಲದು, ನಾಟಿಯಾಗಿ ಎಷ್ಟು ದಿನ ಎಂಬುದನ್ನೂ ಬರೆಯಿರಿ. ಅದೇ ಗದ್ದೆಯಲ್ಲಿ ಕ್ಯೂಲೆಕ್ಸ್ ಟ್ರೈಟಿನಿಯೋರಿಂಕಸ್ ಕೂಡ ಹುಟ್ಟುತ್ತದೆ, ಅದು ಮೆದುಳುಜ್ವರದ ಸೊಳ್ಳೆ. ಜಪಾನೀಸ್ ಎನ್‌ಸೆಫಲೈಟಿಸ್‌ನ ವೈರಾಣು ಇರುವುದು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ, ಹೆಚ್ಚುವುದು ಹಂದಿಗಳಲ್ಲಿ. ಗದ್ದೆ, ಬೆಳ್ಳಕ್ಕಿ, ಹಂದಿ ಮೂರೂ ಒಂದೆಡೆ ಇರುವ ಊರು ನಿಮಗೆ ಎಷ್ಟೋ ಗೊತ್ತು. ರಾಯಚೂರು ಈ ಜ್ವರದ ಜಿಲ್ಲೆಗಳ ಪಟ್ಟಿಯಲ್ಲಿದೆ, ಮಕ್ಕಳಿಗೆ ಲಸಿಕೆ ಕೊಡುತ್ತಾರೆ. ಇನ್ನೊಂದು ಮಾತು: ಕಾಲುವೆಯ ಮೇಲ್ಭಾಗದ ಗದ್ದೆಯಲ್ಲಿ ನೀರು ಸದಾ ನಿಂತಿರುತ್ತದೆ, ಕೊನೆ ಭಾಗದ ರೈತನ ಗದ್ದೆ ನಡುನಡುವೆ ಒಣಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಕಾದ ವಾರ ಹತ್ತು ದಿನ ನೀರು ನಿಲ್ಲದಿದ್ದರೆ ಮರಿ ಸಾಯುತ್ತದೆ. ನೀರಿಗಾಗಿ ಪ್ರತಿ ವರ್ಷ ಧರಣಿ ಕೂರುವ ಆ ರೈತರ ಗದ್ದೆಗೂ ಮೇಲಿನವರ ಗದ್ದೆಗೂ ಸೊಳ್ಳೆಯ ಲೆಕ್ಕದಲ್ಲಿ ಎಷ್ಟು ಅಂತರ ಎಂಬುದನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದು ನೋಡಿ. ಸರದಿಯಂತೆ ನೀರು ಬಿಟ್ಟು ಸೊಳ್ಳೆಯನ್ನೂ ಕಡಿಮೆ ಮಾಡಿ, ಕೆಳಗಿನವರಿಗೂ ನೀರು ಮುಟ್ಟಿಸುವ ಮಾತು ಎತ್ತಲು ಆ ಕಾಗದ ಬೇಕಾಗುತ್ತದೆ.

ದೇವದುರ್ಗದವರ ನೀರು ಬೇರೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಒಣನೆಲದ ನಡುವೆ ಹೊಸ ನೀರು ಬಂತು: ಕಾಲುವೆಯ ಸೋರಿಕೆ, ಒಡೆದ ಹೊಲಗಾಲುವೆ, ಕಲ್ಲು ಮಣ್ಣು ತೆಗೆದ ಗುಂಡಿ. ಕೃಷ್ಣೆ ಇಳಿದ ಮೇಲೆ ಹೂವಿನಹೆಡಗಿಯಂಥ ಕಡೆ ಬಂಡೆಗಳ ನಡುವೆ ತಿಳಿನೀರಿನ ಮಡುಗಳು ಉಳಿಯುತ್ತವೆ. ಅವುಗಳ ಅಂಚಿನಲ್ಲಿ ಮರಿ ಎತ್ತುವ ಸೌಟು, ಅಂದರೆ ಡಿಪ್ಪರ್, ಮುಳುಗಿಸಿ ನೋಡಿ. ಇನ್ನು ಗುಳೆ. ನಿಮ್ಮ ತಾಲ್ಲೂಕಿನ ಎಷ್ಟೋ ಕುಟುಂಬಗಳು ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋಗಿ ಹಬ್ಬಕ್ಕೆ, ಜಾತ್ರೆಗೆ ಮರಳುತ್ತವೆ. ಅಲ್ಲಿ ಹಿಡಿದ ವೈವ್ಯಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಊರಿಗೆ ಬಂದ ಮೇಲೆ ಏಳಬಹುದು. ಆ ಒಬ್ಬರ ಜ್ವರ ಒಬ್ಬರಲ್ಲೇ ನಿಲ್ಲುತ್ತದೋ ಕೇರಿಗೆಲ್ಲ ಹಬ್ಬುತ್ತದೋ ಎಂಬುದು, ಆ ಕೇರಿಯ ದೊಡ್ಡಿಯಲ್ಲಿ ಕೂತಿರುವ ಸೊಳ್ಳೆ ಯಾವುದು ಎಂಬುದರ ಮೇಲೆ ನಿಂತಿದೆ. ದೇಶ 2030ರೊಳಗೆ ಮಲೇರಿಯಾ ಇಲ್ಲವಾಗಿಸುವ ಗುರಿ ಇಟ್ಟುಕೊಂಡಿದೆ. ಜ್ವರ ಕಡಿಮೆಯಾದಾಗ ಸೊಳ್ಳೆಯನ್ನು ಮರೆಯುವುದು ನಮ್ಮ ಹಳೆಯ ಚಾಳಿ. 1953ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ 1965ರ ಹೊತ್ತಿಗೆ ಪ್ರಕರಣಗಳನ್ನು ಸುಮಾರು 1 ಲಕ್ಷಕ್ಕೆ ಇಳಿಸಿತ್ತು. 1976ರಲ್ಲಿ ಅವು 64 ಲಕ್ಷ ದಾಟಿದವು. ಡಿಡಿಟಿಗೆ ಸೊಳ್ಳೆ ಜಗ್ಗದಂತಾದದ್ದು ಒಂದು ಕಾರಣ, ಗೆದ್ದೆವೆಂದು ಕೈಬಿಟ್ಟದ್ದು ಇನ್ನೊಂದು.

ರಾಯಚೂರು ನಗರದವರಿಗೆ ಗಟಾರ, ಟ್ಯಾಂಕು, ತೊಟ್ಟಿ ಹೇಳಿದ್ದೇನೆ. ಅದರ ಜೊತೆ ಮಾವಿನಕೆರೆಯನ್ನೂ, ಕೋಟೆಯ ಸುತ್ತಲಿನ ನಿಂತ ನೀರನ್ನೂ, ಟೈರ್ ಅಂಗಡಿಗಳನ್ನೂ, ಬೇವು ಹುಣಸೆ ಮರಗಳ ಪೊಟರೆಗಳನ್ನೂ ಬಿಡಬೇಡಿ. ನೀರಿನಲ್ಲಿ ಅಂತರಗಂಗೆ ಬೆಳೆದಿದ್ದರೆ ಬೇರುಸಮೇತ ಕಿತ್ತು ಬಿಳಿ ತಟ್ಟೆಯಲ್ಲಿ ಜಾಡಿಸಿ. ಮ್ಯಾನ್ಸೋನಿಯಾ ಸೊಳ್ಳೆಯ ಮರಿ ಉಸಿರಿಗಾಗಿ ಮೇಲೆ ಬರುವುದೇ ಇಲ್ಲ, ಬೇರಿಗೆ ಚುಚ್ಚಿಕೊಂಡು ಅದರೊಳಗಿನ ಗಾಳಿಯನ್ನೇ ಹೀರುತ್ತದೆ.

ವಿಧಾನ ಕಷ್ಟದ್ದಲ್ಲ. ನೀರಿನ ಮೇಲೆ ಸಮಾನಾಂತರವಾಗಿ ಮಲಗಿದ ಮರಿ ಅನಾಫಿಲಿಸ್, ಉದ್ದ ಉಸಿರುನಳಿಕೆಯಿಂದ ತಲೆಕೆಳಗಾಗಿ ನೇತಾಡುವುದು ಕ್ಯೂಲೆಕ್ಸ್, ಗಿಡ್ಡ ನಳಿಕೆಯದ್ದು ಈಡಿಸ್. ಮರಿಗಳನ್ನು ಅದೇ ನೀರಿನಲ್ಲಿ ತಂದು ಪರದೆಬಟ್ಟೆ ಕಟ್ಟಿದ ಡಬ್ಬಿಯಲ್ಲಿ ಬೆಳೆಸಿ, ಹೊರಬಂದ ಸೊಳ್ಳೆಯ ರೆಕ್ಕೆಯ ಶಲ್ಕ ಉದುರುವ ಮುನ್ನ ನೋಡಿ. ಎದೆಯ ಮೇಲೆ ಬಾಗಿದ ಎರಡು ಬೆಳ್ಳಿಗೆರೆ ಇದ್ದರೆ ಈಡಿಸ್ ಈಜಿಪ್ಟಿ, ನಡುವೆ ಒಂದೇ ಬಿಳಿಗೆರೆ ಇದ್ದರೆ ಆಲ್ಬೋಪಿಕ್ಟಸ್. ಪ್ರತಿ ಸೊಳ್ಳೆಗೂ ಲೇಬಲ್ ಬೇಕು: ಊರು, ಜಾಗ, ನೀರಿನ ಬಗೆ, ತಾರೀಕು, ಹಿಡಿದವರ ಹೆಸರು. ಲೇಬಲ್ ಇಲ್ಲದ ಸೊಳ್ಳೆಯಿಂದ ಯಾರಿಗೂ ಪ್ರಯೋಜನವಿಲ್ಲ. ಅನುಮಾನ ಬಂದದ್ದಕ್ಕೆ ಹೆಸರು ಊಹಿಸಿ ಬರೆಯದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರಿಗೋ ಬೆಂಗಳೂರಿನ ತಜ್ಞರಿಗೋ ತೋರಿಸಿ. ಮೈಮೇಲೆ ಕೂರಿಸಿಕೊಂಡು ಸೊಳ್ಳೆ ಹಿಡಿಯುವುದನ್ನು ಯಾರೂ ಮಾಡಕೂಡದು. ಮನೆ, ದೊಡ್ಡಿ ಹೊಗುವಾಗ ಆ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ, ಮನೆಯವರ ಒಪ್ಪಿಗೆ ಕೇಳಿ. ಕಾಲುವೆಯ ಹತ್ತಿರ ಒಬ್ಬೊಬ್ಬರೇ ಹೋಗಬೇಡಿ.

ಮೃಗಶಿರಾ ಮಳೆಗೆ ಶುರುಮಾಡಿ. ಪಟ್ಟಿಯನ್ನು ಕನ್ನಡದಲ್ಲೇ ಬರೆದು ಮೂರು ಪ್ರತಿ ಮಾಡಿ: ಒಂದು ಕಾಲೇಜಿಗೆ, ಒಂದು ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗಳಿಗೆ, ಒಂದು ನೀವು ಸೊಳ್ಳೆ ಹಿಡಿದ ಪಂಚಾಯಿತಿಗೆ. ಸೊಳ್ಳೆಗಳ ಪೆಟ್ಟಿಗೆ ಯಾವ ಕಾಲೇಜಿನಲ್ಲಿರಬೇಕೆಂದು ಮೂರೂ ಊರಿನವರು ಕೂತು ತೀರ್ಮಾನಿಸಿ. ಅದಕ್ಕೆ ನ್ಯಾಫ್ತಲೀನ್ ಹಾಕಲು, ಬೀಗದ ಕೈ ಇಟ್ಟುಕೊಳ್ಳಲು ಒಬ್ಬರು ಹೊಣೆ ಹೊರಬೇಕು. ನನ್ನ ಸಕ್ಷನ್ ಟ್ಯೂಬುಗಳು, ಡಿಪ್ಪರ್ ಇನ್ನೂ ಚೆನ್ನಾಗಿವೆ, ಕೊಡುತ್ತೇನೆ. ಮೊದಲ ದಿನ ದೊಡ್ಡಿಗೆ ಹೋಗುವಾಗ ಹಿಂದಿನ ರಾತ್ರಿಯೇ ಹೇಳಿಕಳಿಸಿ. ನಸುಕಿಗೆ ಬರಬೇಕಾಗುತ್ತದೆ; ಬಿಸಿಲೇರಿದರೆ ಗೋಡೆಯ ಮೇಲೆ ಅವು ಅಷ್ಟಾಗಿ ಸಿಗುವುದಿಲ್ಲ.

ಇಂತಿ ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ಕೀಟ ಸಂಗ್ರಾಹಕ